ಸೋಸುವ ಮಾಸ್ತರು

ತೇರದಾಳದ ಸಂತೆಯಲ್ಲಿ ಸೀರೆಯ ಗಂಟು ಬಿಚ್ಚಿಕೊಂಡು ಕೂತಿದ್ದೆ. ಒಬ್ಬ ಹೆಣ್ಣುಮಗಳು ಸೆರಗಿನ ಬಣ್ಣ ನೋಡುತ್ತ ನೋಡುತ್ತ, ಪಕ್ಕದವಳಿಗೆ, "ಸೋಸೋ ಮಾಸ್ತರು ಹೋದರಂತ ನೋಡವಾ. ನಿನ್ನಿ ಮುಂಜಾನೆ. ಕುಂತಲ್ಲೇ ಹೋದರಂತ," ಎಂದಳು. ನನ್ನ ಕೈಯಲ್ಲಿದ್ದ ಸೀರೆ ಅರ್ಧ ಬಿಚ್ಚಿದ್ದು ಹಾಗೇ ಉಳಿಯಿತು. ಅವಳು ಬೆಲೆ ಕೇಳಿದಳು. ನಾನು ಏನು ಹೇಳಿದೆನೋ, ಅವಳು ನನ್ನ ಮುಖವನ್ನೇ ನೋಡಿ, ಸೀರೆಯನ್ನು ಮಡಿಚಿ ನನ್ನ ಮುಂದಿಟ್ಟು ಎದ್ದು ಹೋದಳು.

ವಯಸ್ಸಾಗಿತ್ತು ಅವರಿಗೆ. ನೋವಿಲ್ಲದೆ, ಕೂತಲ್ಲೇ, ಮನೆಯ ಪಡಸಾಲೆಯಲ್ಲಿ ಹೋದರು. ಅಳು ಬರಲಿಲ್ಲ ನನಗೆ. ಗಂಟು ಕಟ್ಟಿಕೊಂಡು ಅವರ ಮನೆಯ ಕಡೆ ಹೆಜ್ಜೆ ಹಾಕುವಾಗ ದಾರಿಯಲ್ಲಿ ಒಮ್ಮೆ ನಕ್ಕೆ ಕೂಡ. ಅವರನ್ನು ನೆನೆದರೆ ನನಗೆ ಆಗುವುದೇ ಹಾಗೆ.

ಊರವರು ಅವರನ್ನು ಕರೆಯುತ್ತಿದ್ದುದು ಹೀಗೆಯೇ: ಸೋಸುವ ಮಾಸ್ತರು. ಅವರ ನಿಜವಾದ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ, ಅದಕ್ಕೊಂದು ಕಾರಣವಿದೆ. ಇಂಗ್ಲಿಷರಲ್ಲಿ ಒಬ್ಬ ಸಭ್ಯ ಗೃಹಸ್ಥ ತಮ್ಮ ದೊಡ್ಡ ಕವಿಯೊಬ್ಬನ ನಾಟಕಗಳನ್ನು ಹೆಂಗಸರು ಮಕ್ಕಳು ಓದುವಂತೆ ಕತ್ತರಿಸಿ ಅಚ್ಚು ಹಾಕಿಸಿದನಂತೆ. ಆಮೇಲೆ ಆ ಕೆಲಸಕ್ಕೆ ಅವನ ಹೆಸರೇ ಕ್ರಿಯಾಪದವಾಗಿ ನಿಂತುಬಿಟ್ಟಿತಂತೆ. ಇದನ್ನು ಹೇಳಿದವರು ಮಾಸ್ತರೇ. ಹೇಳಿ, ನನ್ನ ಮೊಣಕೈ ಹಿಡಿದು, "ನೀ ಬರಿಯಾವ ಅದಿ. ನಾಳೆ ಎಲ್ಲೆರೆ ಏನರೆ ಬರದರ ನನ್ನ ಹೆಸರು ಹಾಕಬ್ಯಾಡಪಾ. ನಮ್ಮಪ್ಪ ದೇವರ ಹೆಸರು ಇಟ್ಟಾನ. ಅದನ್ನ ಕ್ರಿಯಾಪದಾ ಮಾಡಬ್ಯಾಡ್ರಿ," ಎಂದಿದ್ದರು. ಹಾಸ್ಯಕ್ಕೆ ಅಂದ ಮಾತಲ್ಲ ಅದು.

ಆಗಿನ ನಮ್ಮ ಸೀಮೆಯ ಕಥೆಯನ್ನು ಈಗಿನವರಿಗೆ ಸ್ವಲ್ಪ ಹೇಳಲೇಬೇಕು. ಜಮಖಂಡಿಗೆ ಒಬ್ಬ ರಾಜರು, ಮುಧೋಳಕ್ಕೆ ಇನ್ನೊಬ್ಬರು. ನಮ್ಮ ಬನಹಟ್ಟಿ ಜಮಖಂಡಿಗೆ ಸೇರಿದ್ದು. ನಮ್ಮ ಮಗ್ಗದ ಸಪ್ಪಳ ಕೇಳಿಸುವಷ್ಟು ಹತ್ತಿರವಿದ್ದ ರಬಕವಿ ಮಾತ್ರ ಬೇರೆ ಸಂಸ್ಥಾನ. ಬೆಳಿಗ್ಗೆ ಬಯಲಿಗೆ ಹೋದವನು ಮೈಮರೆತು ಸ್ವಲ್ಪ ಮುಂದೆ ಹೋದರೆ ರಾಜರೇ ಬದಲಾಗಿಬಿಡುತ್ತಿದ್ದರು.

ನಾನು ನೇಕಾರ. ಮಗ್ಗ ನನ್ನ ಹೊಟ್ಟೆ ನೋಡಿಕೊಂಡರೆ ನಾಟಕ ನನ್ನ ತಲೆ ತಿನ್ನುತ್ತಿತ್ತು. ನಮ್ಮ ಓಣಿಯ ನೇಕಾರರೇ ಕೂಡಿ ಒಂದು ನಾಟಕ ಮಂಡಳಿ ಕಟ್ಟಿಕೊಂಡಿದ್ದೆವು. ಬರೆಯುವವನು ನಾನು. ಸಂಸ್ಥಾನದಲ್ಲಿ ಯಾವ ನಾಟಕ ಆಡಬೇಕಾದರೂ ಮೊದಲು ಅದರ ಪ್ರತಿಯನ್ನು ಜಮಖಂಡಿಯ ಕಚೇರಿಗೆ ತೋರಿಸಬೇಕೆಂದು ಒಂದು ವರ್ಷ ಹುಕುಮು ಬಂತು. ಅಶ್ಲೀಲ ಇರಬಾರದು, ಸರಕಾರದ ವಿರುದ್ಧ ಇರಬಾರದು. ಓದಿ ನೋಡುವ ಕೆಲಸವನ್ನು ಶಾಲೆಯ ಕನ್ನಡ ಮಾಸ್ತರಿಗೆ ಒಪ್ಪಿಸಿದ್ದರು. ಅವರೇ ಇವರು. ತೇರದಾಳದ ಜೈನರು, ನೌಕರಿಗೆಂದು ಜಮಖಂಡಿಯಲ್ಲಿ ಮನೆ ಮಾಡಿದ್ದರು.

ಆ ಹುಕುಮಿನ ಕನ್ನಡ ಪ್ರತಿಯಲ್ಲಿ ಒಂದು ಶಬ್ದವಿತ್ತು: 'ನಾಟಕವನ್ನು ಸೋಸಿಸಿಕೊಂಡು ಆಡತಕ್ಕದ್ದು.' ಓದಿ ನಾವೆಲ್ಲ ನಕ್ಕೆವು. ನಮ್ಮ ಹಾಸ್ಯದ ಪಾತ್ರದವನು, "ಲೇ, ನಾಟಕಾ ಏನ ಚಹಾ ಅಂತ ತಿಳದಾರೇನೋ?" ಎಂದು ತನ್ನ ಪಂಜೆಯ ಚುಂಗನ್ನು ಪ್ರತಿಯ ಮೇಲೆ ಹಿಡಿದು ತೋರಿಸಿದ.

ಆ ಶಬ್ದ ಬಂದ ಬಗೆಯನ್ನು ಮಾಸ್ತರೇ ನನಗೆ ಆಮೇಲೆ ಹೇಳಿದರು. ಮೂಲ ಹುಕುಮು ಮರಾಠಿಯಲ್ಲಿತ್ತು, 'ಕಾಟಛಾಟ', ಅಂದರೆ ಕತ್ತರಿಸಿ ತೆಗೆಯುವುದು, ಎಂದು ಬರೆದಿತ್ತು. ಅದನ್ನೇ ಕನ್ನಡದಲ್ಲೂ ಇಡೋಣವೆಂದರು ಕಚೇರಿಯ ಕಾರಕೂನರು. ಮಾಸ್ತರು ಒಪ್ಪಲಿಲ್ಲ. "ಕಾಟ ಅಂದ್ರ ನಮ್ಮ ಮಂದಿ ಬ್ಯಾರೇನ ತಿಳಕೋತಾರ್ರಿ. ಸರಕಾರ ಕಾಟಾ ಕೊಡತೈತಿ ಅಂತ ಸರಕಾರನ ಬರದಂಗ ಆಗತೈತಿ." ಹಾಗಾದರೆ ಶುದ್ಧೀಕರಣ ಎನ್ನೋಣವೇ? "ಶುದ್ಧ ಮಾಡತೇವಿ ಅಂದ್ರ ಮೊದಲ ಹೊಲಸಿತ್ತು ಅಂದಂಗಾತು. ಬರದಾಂವ ಬಡೀಲಿಕ್ಕೆ ಬರತಾನ." ಛೇದನ? ಅದು ಆಸ್ಪತ್ರೆಯ ಶಬ್ದ. ಕೊನೆಗೆ ಇವರೇ 'ಸೋಸು' ಎಂದರು. ಮನೆಮನೆಯಲ್ಲಿರುವ ಮಾತು, ಯಾರಿಗೂ ನೋವಾಗುವುದಿಲ್ಲ ಎಂದು ಎಲ್ಲರೂ ತಲೆಯಾಡಿಸಿದರು. ಆ ಶಬ್ದಕ್ಕೆ ಮಾಸ್ತರ ಮನಸ್ಸಿನಲ್ಲಿದ್ದ ಅರ್ಥ ಬೇರೆಯೇ ಇತ್ತು. ಅದು ಯಾರಿಗೂ ಹೊಳೆಯಲಿಲ್ಲ, ಯಾರೂ ಕೇಳಲಿಲ್ಲ.

ನಾನು ಮೊದಲ ಸಲ ಅವರ ಮನೆಗೆ ಹೋದದ್ದು ಮೈಯೆಲ್ಲ ಸಿಟ್ಟು ತುಂಬಿಕೊಂಡು. ಬನಹಟ್ಟಿಯಿಂದ ಸೈಕಲ್ ತುಳಿದು ಬಂದಿದ್ದೆ. ಪಡಸಾಲೆಯಲ್ಲಿ ಅವರ ಹೆಂಡತಿ ಮೆಂತೆಪಲ್ಯದ ರಾಶಿ ಮುಂದಿಟ್ಟುಕೊಂಡು ಎಲೆ ಬಿಡಿಸುತ್ತಿದ್ದರು.

"ಯಾರು ಬೇಕಾಗಿತ್ತು?"

"ಬನಹಟ್ಟಿಯಿಂದ ಬಂದೇನ್ರಿ ಅಕ್ಕಾರ. ನಾಟಕಾ ತೋರಸಬೇಕಾಗಿತ್ತು."

"ಸೋಸಾಕ ತಂದೀಯೇನು? ಕುಂದರು ತಮ್ಮಾ. ಅವರು ಒಳಗ ನಾಟಕಾ ಸೋಸ್ತಾರ, ನಾ ಇಲ್ಲೆ ಪಲ್ಯಾ ಸೋಸ್ತೇನಿ. ನನಗರೆ ಹುಳಾ ಕಾಣತಾವು. ಅವರಿಗೆ ಏನ ಕಾಣತಾವೋ ಆ ದೇವರಿಗೇ ಗೊತ್ತು."

ನನ್ನ ಅರ್ಧ ಸಿಟ್ಟು ಅಲ್ಲೇ ಇಳಿಯಿತು.

ಮಾಸ್ತರು ಸಣ್ಣ ಆಳು. ಮನೆಯಲ್ಲೂ ಟೊಪ್ಪಿಗೆ ತೆಗೆಯುತ್ತಿರಲಿಲ್ಲ. ನಾಟಕದ ಪ್ರತಿಯನ್ನು ಕಣ್ಣಿನಿಂದ ಓದದೆ ಬಾಯಿಂದ ಓದುತ್ತಿದ್ದರು, ಪಿಸುದನಿಯಲ್ಲಿ, ಒಂದೊಂದು ಪಾತ್ರಕ್ಕೆ ಒಂದೊಂದು ದನಿ ಬದಲಿಸಿ. ರಾಕ್ಷಸನ ಮಾತು ಬಂದಾಗ ಹುಬ್ಬು ಮೇಲೇರುತ್ತಿತ್ತು. ಒರಟು ಮಾತು ಬಂದರೆ ಅದರ ಮೇಲೆ ಅಂಗೈ ಮುಚ್ಚಿ, ಬಾಗಿಲ ಕಡೆ ಒಮ್ಮೆ ನೋಡಿ, ಅಂಗೈ ಸ್ವಲ್ಪ ಎತ್ತಿ ಮತ್ತೆ ಓದುತ್ತಿದ್ದರು. ಮಸಿ ಉಪಯೋಗಿಸುತ್ತಿರಲಿಲ್ಲ. ಪೆನ್ಸಿಲ್ಲಿನಿಂದ ಒಂದು ತೆಳ್ಳನೆಯ ಗೆರೆ, ಕೆಳಗಿನ ಅಕ್ಷರ ಪೂರಾ ಕಾಣುವಂತೆ.

"ಇದು ಬಾಯಿಗೆ ಛಲೋ ಐತಿ. ಕಚೇರಿಗೆ ಛಲೋ ಇಲ್ಲ," ಎಂದು ಒಂದು ಗೆರೆ. "ಇದು ಎರಡಕ್ಕೂ ಛಲೋ ಇಲ್ಲ," ಎಂದು ಇನ್ನೊಂದು.

ಮುಗಿದ ಮೇಲೆ ಅವರು ಮಾಡಿದ ಕೆಲಸ ನೋಡಿ ನಾನು ಬೆರಗಾದೆ. ಒಂದು ಬೇರೆ ಹಾಳೆ ತೆಗೆದುಕೊಂಡು, ತೆಗೆದುಹಾಕಿದ ಸಾಲುಗಳನ್ನೆಲ್ಲ ಮುತ್ತಿನಂಥ ಅಕ್ಷರಗಳಲ್ಲಿ ಬರೆದು, ಮಡಿಚಿ ನನ್ನ ಕೈಗೆ ಕೊಟ್ಟರು.

"ಇದೇನ್ರಿ ಮಾಸ್ತರ?"

"ನಿಂದು. ನಿನಗ ವಾಪಸು."

ನನಗೆ ಅರ್ಥವಾಗಲಿಲ್ಲ. ಅವರು ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ಅಕ್ಕಾರು ಬಾವಿಯಿಂದ ನೀರು ಸೇದುತ್ತಿದ್ದರು. ಎರಡು ಪದರು ಮಡಿಚಿದ ಬಟ್ಟೆಯನ್ನು ಕೊಡದ ಬಾಯಿಗೆ ಕಟ್ಟಿ ನೀರು ಸೋಸಿದರು. ಅಷ್ಟನ್ನು ಯಾರಾದರೂ ಮಾಡುತ್ತಾರೆ. ಆಮೇಲೆ ಅವರು ಬಟ್ಟೆಯನ್ನು ಮಗುಚಿ, ಸೋಸಿದ ನೀರನ್ನೇ ಸುರಿದು ಅದನ್ನು ತೊಳೆದು, ಆ ತೊಳೆದ ನೀರನ್ನು ಪುಟ್ಟ ಕೊಡದಲ್ಲಿ ತುಂಬಿ, ಹಗ್ಗದಿಂದ ಮೆಲ್ಲಗೆ ಬಾವಿಯ ತಳದವರೆಗೂ ಇಳಿಸಿ, ಸಪ್ಪಳವಾಗದಂತೆ ಚೆಲ್ಲಿದರು.

"ಬಟ್ಟಿ ಮ್ಯಾಲ ಉಳದದ್ದು ಹೊಲಸಲ್ಲಪಾ," ಎಂದರು ಮಾಸ್ತರು. "ಅವೂ ಜೀವ. ನಮ್ಮ ಹೊಟ್ಟಿಗೆ ಹೋಗಬಾರದು, ಇಷ್ಟ. ಅವನ್ನ ಕಟ್ಟಿ ಮ್ಯಾಲ ಝಾಡಿಸಿದರ ಸಾಯತಾವು. ಯಾವ ಬಾವೀವೋ ಆ ಬಾವಿಗೇ ಮುಟ್ಟಸಬೇಕು. ನಮ್ಮ ಮನ್ಯಾಗ ಸೋಸೂದು ಅಂದ್ರ ಇದು. ಬಟ್ಟಿ ಕಟ್ಟೂದು ಅರ್ಧಾ, ತಿರಗಿ ಮುಟ್ಟಸೂದು ಅರ್ಧಾ."

ಜಗಳಕ್ಕೆಂದು ಬಂದವನು ಬೆಲ್ಲ ನೀರು ಕುಡಿದು, ಸೋಸಿದ ನಾಟಕವನ್ನೂ ಸೋಸಿ ತೆಗೆದ ಸಾಲುಗಳನ್ನೂ ಬೇರೆ ಬೇರೆ ಜೇಬಿನಲ್ಲಿಟ್ಟುಕೊಂಡು ಹೊರಟೆ.

ಹಾಗೆಂದು ಅವರನ್ನು ಬಹಳ ದೊಡ್ಡ ಧೈರ್ಯವಂತ ಎಂದು ಯಾರೂ ತಿಳಿಯಬಾರದು. ಮಾಸ್ತರಿಗೆ ನಿಜವಾಗಿಯೂ ನಾಚಿಕೆ ಇತ್ತು. ಕೆಲವು ಶಬ್ದಗಳನ್ನು ಕಂಡರೆ ಕಚೇರಿ ಹೇಳದಿದ್ದರೂ ಅವರೇ ಗೆರೆ ಎಳೆಯುವವರು. ಒಂದು ನಾಟಕದಲ್ಲಿ ನಾನು ಜೋಗುಳ ಬರೆದಿದ್ದೆ. ತಾಯಿ ಕೂಸಿಗೆ ಮೊಲೆಯುಣಿಸುತ್ತ ಹಾಡುವ ಹಾಡು. ಮಾಸ್ತರು ಅಂಗೈ ಮುಚ್ಚಿದರು. ಇಡೀ ಜೋಗುಳಕ್ಕೆ ಗೆರೆ ಬಿತ್ತು.

"ಮಾಸ್ತರ, ತಾಯಿ ಹಾಡೂ ಅಶ್ಲೀಲೇನ್ರಿ?"

"ಶಬ್ದ ನೋಡಪಾ. ನಾಕು ಮಂದಿಯೊಳಗ ಹೆಂಗ ಅನ್ನತಿ?"

ಒಳಗಿನಿಂದ ಅಕ್ಕಾರ ದನಿ ಬಂತು. ಆ ಮನೆಯಲ್ಲಿ ಗೋಡೆಗಳು ಹೆಸರಿಗೆ ಮಾತ್ರ ಇದ್ದವು. "ಏನ ಶಬ್ದರಿ ಅದು?"

ಮಾಸ್ತರು ಟೊಪ್ಪಿಗೆ ಸರಿಮಾಡಿಕೊಂಡರು. ನಾನು ಮೇಲಿನ ಜಂತಿ ನೋಡಿದೆ. ಅಕ್ಕಾರು ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದು, "ನೀನರೆ ಓದು ತಮ್ಮಾ," ಎಂದರು. ನಾನು ತಲೆ ತಗ್ಗಿಸಿ ಓದಿದೆ. ಅವರು ಕೊನೆಯವರೆಗೂ ಕೇಳಿ, ಗಂಡನ ಕಡೆ ತಿರುಗಿದರು.

"ಮೊಲಿ ಬ್ಯಾಡಂದ್ರ ಹಾಲು ಎಲ್ಲಿಂದ ಬರಬೇಕ್ರಿ? ಕೂಸಿಗೆ ಎಮ್ಮಿ ಕಟ್ಟಸ್ತೀರೇನು? ನಿಮ್ಮನ್ನೂ ಯಾರೋ ಹಿಂಗ ಹಾಡಿಕೋತನ ಬೆಳಸ್ಯಾರ. ರಬ್ಬರು ತೊಗೋರಿ."

ಮಾಸ್ತರ ಕಿವಿ ಕೆಂಪಗಾಯಿತು. ಪೆಟ್ಟಿಗೆಯಲ್ಲಿ ರಬ್ಬರು ಹುಡುಕಿ, ಗೆರೆಯನ್ನು ಒಂದು ಕಡೆಯಿಂದ ಉಜ್ಜಿ ಉಜ್ಜಿ ತೆಗೆದರು. ಆ ಜೋಗುಳ ನಮ್ಮ ಊರಿನ ಹೆಂಗಸರ ಬಾಯಲ್ಲಿ ಎಷ್ಟು ಬೇಗ ನೆಲೆಯಾಯಿತೆಂದರೆ, ಅದನ್ನು ಬರೆದವನು ನಾನು ಎಂದರೆ ಅವರೇ ನಂಬುತ್ತಿರಲಿಲ್ಲ.

ಶಾಲೆಯಲ್ಲಿ ಅವರದು ಇನ್ನೊಂದು ಕಥೆ. ಹುಡುಗಿಯರ ತರಗತಿಗೆ ಒಂದು ಹಳೆಯ ಕಾವ್ಯದ ಭಾಗವನ್ನು ಸೋಸಿ ಕೊಡಬೇಕೆಂದು ಮುಖ್ಯ ಅಧ್ಯಾಪಕರು ಕೇಳಿದ್ದರು. ಮಾಸ್ತರು ಶೃಂಗಾರದ ಪದ್ಯಗಳನ್ನು ತೆಗೆದರು. ಆದರೆ ಉಳಿದ ಪದ್ಯಗಳ ಮುಂದಿದ್ದ ಅಂಕಿಗಳನ್ನು ಹಾಗೇ ಬಿಟ್ಟರು. ಹುಡುಗಿಯರು ಓದುತ್ತ ಹೋದರೆ ಒಂದು ಪದ್ಯವಾದ ಮೇಲೆ ಒಂದು ಅಂಕಿ ಹಾರಿದೆ! ಅವರಿಗೇನು, ಯಾರದೋ ಮನೆಯಲ್ಲಿದ್ದ ಹಳೆಯ ಪ್ರತಿ ಹುಡುಕಿ, ಇಲ್ಲದ ಪದ್ಯಗಳನ್ನೇ ಮೊದಲು ಬಾಯಿಪಾಠ ಮಾಡಿಬಿಟ್ಟರು. ಪುಸ್ತಕದಲ್ಲಿದ್ದವು ಯಾರಿಗೂ ಬರುತ್ತಿರಲಿಲ್ಲ.

ಮುಖ್ಯ ಅಧ್ಯಾಪಕರು ತಲೆ ಮೇಲೆ ಕೈ ಹೊತ್ತು, "ಅಂಕಿ ತಿದ್ದಿ ಬರದಿದ್ದರ ಏನ ಗಂಟ ಹೋಗತಿತ್ತರಿ ಮಾಸ್ತರ?" ಎಂದು ಕೇಳಿದರು.

"ತಗದದ್ದು ತಗದಂಗ ಕಾಣಬೇಕ್ರಿ. ಅಂಕಿ ತಿದ್ದಿದರ ಅದು ಸುಳ್ಳ ಹೇಳಿದಂಗ. ಸೋಸೂದು ಸೈ, ಸುಳ್ಳು ನನಗ ಆಗೂದಿಲ್ಲ."

ಇದನ್ನು ಹೇಳುವಾಗ ಅವರ ತುಟಿಯ ಕೊನೆಯಲ್ಲಿ ಒಂದು ನಗೆ ಇರುತ್ತಿತ್ತು. ಹುಡುಗಿಯರು ಹುಡುಕಿ ಓದುತ್ತಾರೆಂದು ಅವರಿಗೆ ಮೊದಲೇ ಗೊತ್ತಿತ್ತೋ ಏನೋ, ಕೇಳಿದರೆ ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದರು.

ಇನ್ನು ಆ ಹಾಡಿನ ಸಂಗತಿ.

ನೂಲು ಸಿಗದೆ ನಮ್ಮ ಓಣಿಯ ಮಗ್ಗಗಳು ಸುಮ್ಮನಿದ್ದ ಕಾಲ ಅದು. ಆಗ ನಾನು ನಮ್ಮದೇ ಬದುಕಿನ ಒಂದು ನಾಟಕ ಬರೆದೆ. ಅದರಲ್ಲಿ ಮುದಿ ನೇಕಾರನೊಬ್ಬ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತು ಹಾಡುತ್ತಾನೆ:

ಅರಸಗ ನೇದೇನ ಜರತಾರಿ ಶಾಲ
ಅವ್ವಗ ನೇಯಾಕ ನೂಲಿಲ್ಲ
ಕುಣಿಯಾಗ ಕಾಲಿಟ್ಟು ಕೂದಲ ಬೆಳ್ಳಗಾತು
ಮೈಮ್ಯಾಲ ನನಗೊಂದು ಎಳಿಯಿಲ್ಲ

ಮಾಸ್ತರು ಇದನ್ನು ಪಿಸುದನಿಯಲ್ಲಿ ಓದಲಿಲ್ಲ. ಓದಲೇ ಇಲ್ಲ, ಸುಮ್ಮನೆ ನೋಡುತ್ತ ಕೂತರು. ಆಮೇಲೆ ಪೆನ್ಸಿಲ್ಲು ತೆಗೆದುಕೊಂಡು ಎಂದಿಗಿಂತ ತೆಳ್ಳಗೆ, ಇದೆಯೋ ಇಲ್ಲವೋ ಎಂಬಂತೆ ಒಂದು ಗೆರೆ ಎಳೆದರು.

"ಮಾಸ್ತರ, ಇದ ನಾಟಕದ ಜೀವಾ ಐತ್ರಿ."

"ಗೊತ್ತೈತಿ."

"ಗೊತ್ತಿದ್ದೂ ತಗೀತೀರೇನ್ರಿ?"

"ಇದನ್ನ ಬಿಟ್ಟರ ನಾಳೆ ನಿನ್ನ ನಾಟಕನ ನಿಂದರಸ್ತಾರ. ಮಂಡಳಿ ಮುಚ್ಚಸ್ತಾರ. ನನ್ನ ನೌಕರಿ ಹೋದೀತು ಅನ್ನೂ ಅಂಜಿಕಿನೂ ಐತಿ, ಸುಳ್ಳ ಯಾಕ ಹೇಳಲಿ?"

ಆ ದಿನ ನಾನು ಬೆಲ್ಲ ನೀರು ಕುಡಿಯಲಿಲ್ಲ. ಅವರು ಹಾಡನ್ನು ಎಂದಿನಂತೆ ಬೇರೆ ಹಾಳೆಯಲ್ಲಿ ಬರೆದು ಕೊಟ್ಟರು. ಅವರ ಕೈ ಮುಟ್ಟದಂತೆ ಇಸಿದುಕೊಂಡು ಬಂದೆ.

ಬನಹಟ್ಟಿಯಲ್ಲಿ ನಾಟಕ ಆದಾಗ ಮುದಿ ನೇಕಾರನ ಪಾತ್ರದವನು ಆ ಜಾಗದಲ್ಲಿ ಹಾಡದೆ ಸುಮ್ಮನೆ ಕೂತ. ಆಮೇಲೆ ರಬಕವಿಯವರು ನಮ್ಮನ್ನು ಕರೆದರು. ಅದು ಬೇರೆ ರಾಜರ ಊರು, ಅಲ್ಲಿ ಜಮಖಂಡಿಯ ಗೆರೆಗೆ ಬೆಲೆಯಿಲ್ಲ. ಹಾಡಿದೆವು. ನಮ್ಮೂರಿನವರು ಅರ್ಧಕ್ಕರ್ಧ ಜನ ಹೊಲದ ದಾರಿ ಹಿಡಿದು ಅಲ್ಲಿಗೆ ಬಂದಿದ್ದರು. ಅವರು ನಾಟಕ ಮುಗಿಸಿಕೊಂಡು ತಿರುಗಿ ಬರುವಾಗ ಹಾಡೂ ಅವರ ಜೊತೆಗೆ ಗಡಿ ದಾಟಿ ಬಂತು. ವಾರ ತುಂಬುವುದರೊಳಗೆ ಬನಹಟ್ಟಿಯ ಯಾವ ಮಗ್ಗದ ಮುಂದೆ ನಿಂತರೂ ಅದೇ ಹಾಡು.

ಜಮಖಂಡಿಯ ಕಚೇರಿಯ ಸಾಹೇಬರು ಯಾವುದೋ ಕೆಲಸಕ್ಕೆ ನಮ್ಮೂರಿಗೆ ಬಂದವರು ಅದನ್ನು ಕೇಳಿಬಿಟ್ಟರು. ಮರುದಿನ ಸಿಪಾಯಿ ನನ್ನ ಬಾಗಿಲಿಗೆ ಬಂದ. ಸಂಸ್ಥಾನದ ಗಡಿಯಾಚೆಗೆ ಹಾಕುತ್ತಾರೆ ಎಂದು ಓಣಿಯಲ್ಲಿ ಗುಲ್ಲೆದ್ದಿತು. ನನ್ನವ್ವ ನನ್ನ ಒಗೆದ ಅಂಗಿ ತಂದುಕೊಟ್ಟು, ಮಗ್ಗದ ಹಾಸಿನ ಎಳೆಗಳ ಮೇಲೆ ಒಂದು ಬಟ್ಟೆ ಹೊದಿಸಿದಳು, ಧೂಳು ಬೀಳದಿರಲೆಂದು. ಬಹಳ ದಿನ ಆ ಮಗ್ಗ ಮುಟ್ಟುವವರಿಲ್ಲ ಎಂದೇ ಅವಳು ತಿಳಿದಿದ್ದಳು.

ಕಚೇರಿಯಲ್ಲಿ ನನಗಿಂತ ಮೊದಲೇ ಮಾಸ್ತರು ನಿಂತಿದ್ದರು, ಕರಿ ಕೋಟಿನ ಎಲ್ಲ ಗುಂಡಿ ಹಾಕಿಕೊಂಡು. ಸಾಹೇಬರ ಮೇಜಿನ ಮೇಲೆ ಪೆನ್ಸಿಲ್ಲಿನ ಗೆರೆಯಿದ್ದ ನಮ್ಮ ನಾಟಕದ ಪ್ರತಿ ಇತ್ತು. ಸಾಹೇಬರು ಮರಾಠಿ ಮಾತಿನವರು, ಆದರೆ ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು.

"ಮಾಸ್ತರ, ಈ ಹಾಡು ನೀವ ತಗದೀರಿ. ಮತ್ತ ಊರ ತುಂಬ ಹ್ಯಾಂಗ ಹಬ್ಬಿತು?"

"ನಾನ ವಾಪಸು ಕೊಟ್ಟೇನ್ರಿ."

"ತಗದದ್ದನ್ನ ವಾಪಸು ಕೊಟ್ಟಿರಾ? ಹಂಗಾದ್ರ ತಗಿಯೋದು ಯಾಕ?"

ಮಾಸ್ತರ ದನಿ ನಡುಗುತ್ತಿತ್ತು. ಅದು ನನಗೆ ಸ್ಪಷ್ಟವಾಗಿ ಕೇಳಿಸಿತು. ಆದರೂ ನಿಲ್ಲಿಸಲಿಲ್ಲ. "ಸಾಹೇಬರ, ಹುಕುಮಿನ್ಯಾಗ ಸೋಸು ಅನ್ನೂ ಶಬ್ದ ನಂದ್ರಿ. ನಮ್ಮ ಮನ್ಯಾಗ ಸೋಸೂದು ಅಂದ್ರ, ಬಟ್ಟಿ ಮ್ಯಾಲಿನ ಜೀವಾ ತಿರಗಿ ಬಾವಿಗೆ ಮುಟ್ಟಸೂದು. ಮಾತು ಅಂವನ ಬಾವೀವು. ನಾ ಅಲ್ಲಿಗೇ ಬಿಟ್ಟೇನ್ರಿ. ಕೊಲ್ಲು ಅಂತ ನೀವು ಹೇಳಿದ್ದರ ನಾ ಆ ಶಬ್ದಾ ಬರೀತಿದ್ದಿಲ್ಲ, ಆ ಕೆಲಸಾನೂ ಒಪ್ಪತಿದ್ದಿಲ್ಲ."

ಸಾಹೇಬರು ಪ್ರತಿಯ ಹಾಳೆ ತಿರುವಿ ಪೆನ್ಸಿಲ್ಲಿನ ಗೆರೆಯನ್ನು ನೋಡಿದರು. ಆಮೇಲೆ ನನ್ನ ಕಡೆ ನೋಡಿ, "ಹಾಡು," ಎಂದರು.

ಮೊದಲ ಸಾಲು ಹೊರಡಲೇ ಇಲ್ಲ. ಎರಡನೆಯ ಸಲ ಹೊರಟಿತು. ಹಾಡಿ ಮುಗಿಸಿದಾಗ ಹೊರಗಿನ ಸಿಪಾಯಿ ಬಾಗಿಲಿಗೆ ಬಂದು ನಿಂತಿದ್ದ.

ಸಾಹೇಬರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಹಾಡಿನ್ಯಾಗ ಸುಳ್ಳು ಏನೂ ಇಲ್ಲ. ಆದರ ಅರಸಗ ಅಂತ ಅದ. ಅದನ್ನ ನಾ ಹ್ಯಾಂಗ ಬಿಡಲಿ? ನನ್ನ ಮ್ಯಾಲೂ ಕೇಳಾವರು ಇದ್ದಾರ," ಎಂದರು.

ಮಾಸ್ತರು ಪ್ರತಿಯನ್ನು ಇಸಿದುಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತರು. ನಾನು ಅವರ ಪಕ್ಕ ನಿಂತೆ. ತುಟಿಯಲ್ಲೇ ಏನೋ ಲೆಕ್ಕ ಹಾಕಿದಂತೆ ಹಾಡಿಕೊಳ್ಳುತ್ತಿದ್ದರು. ಕೊನೆಗೆ ಮೊದಲ ಸಾಲಿನ ಪಕ್ಕದಲ್ಲಿ ಬರೆದು ತೋರಿಸಿದರು:

ಊರಿಗೆ ನೇದೇನ ಉಡುವಷ್ಟು ಸೀರಿ
ಅವ್ವಗ ನೇಯಾಕ ನೂಲಿಲ್ಲ

ನನಗೆ ರೇಗಿತು. "ಅಂದ್ರ ಅರಸಗ ಯಾರೂ ಏನೂ ಅನ್ನಬಾರದೇನ್ರಿ?"

"ಅನ್ನಬೇಕಪಾ. ಆದರ ಕೇಳು. ಅರಸಗ ಅಂದಿ ಅನ್ನು, ಕುಂತ ಮಂದಿ ಎಲ್ಲಾ ಅರಮನಿ ಕಡೆ ನೋಡತಾರ. ಇವರಿಗೇನೂ ಹತ್ತೂದಿಲ್ಲ. ಊರಿಗೆ ಅಂದ್ರ, ಒಬ್ಬೊಬ್ಬರೂ ತಮ್ಮ ಮೈಮ್ಯಾಲಿನ ಸೀರಿ ನೋಡಕೋತಾರ. ಇದ ಜಾಸ್ತಿ ಹತ್ತತೈತಿ, ನೋಡ ಬೇಕಾರ."

ನಾನು ಒಪ್ಪಿದೆ ಎನ್ನುವುದಕ್ಕಿಂತ, ಬೇರೆ ದಾರಿ ಇರಲಿಲ್ಲ. ಸಾಹೇಬರು ಓದಿ ಸಹಿ ಹಾಕಿದರು. ಹೊರಡುವಾಗ ಮಾಸ್ತರಿಗೆ, "ಇನ್ನ ಮುಂದ ತಗದದ್ದನ್ನ ವಾಪಸು ಕೊಡಬ್ಯಾಡ್ರಿ," ಎಂದರು.

ಮಾಸ್ತರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದರು. ಅವರ ಬೋಳು ತಲೆಯನ್ನು ನಾನು ನೋಡಿದ್ದು ಅದೇ ಮೊದಲು. "ಹಂಗಾದ್ರ ಈ ಕೆಲಸಾ ಬ್ಯಾರೆಯವರಿಗೆ ಕೊಡ್ರಿ ಸಾಹೇಬರ. ನಾ ಸಾಲಿ ಕಲಸಿಕೊಂಡಿರತೇನಿ. ಅದೂ ಬ್ಯಾಡ ಅಂದ್ರ ತೇರದಾಳದಾಗ ಹೊಲಾ ಐತಿ."

ಸಾಹೇಬರು ಅವರನ್ನು ನೋಡಿದರು, ಮೇಜಿನ ಮೇಲೆ ಒಟ್ಟಿದ್ದ ಕನ್ನಡ ನಾಟಕಗಳ ರಾಶಿಯನ್ನು ನೋಡಿದರು. "ಹೋಗ್ರಿ, ಹೋಗ್ರಿ," ಎಂದು ಕೈಯಾಡಿಸಿದರು. ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಮಾಸ್ತರು ಮೊದಲಿನ ಹಾಗೆಯೇ ಸೋಸುತ್ತಿದ್ದರು, ಮೊದಲಿನ ಹಾಗೆಯೇ ವಾಪಸು ಕೊಡುತ್ತಿದ್ದರು.

ಕಚೇರಿಯ ಮೆಟ್ಟಿಲಿಳಿಯುತ್ತ ಅವರು ಕೊನೆಯ ಮೆಟ್ಟಿಲಿನ ಮೇಲೆಯೇ ಕೂತುಬಿಟ್ಟರು. ನನ್ನ ಸೈಕಲ್ಲಿನ ಮೇಲೆ ಕೂರಿಸಿಕೊಂಡು ಮನೆಗೆ ಬಿಟ್ಟೆ. ಅಕ್ಕಾರು ಬಾಗಿಲಲ್ಲೇ ನಿಂತಿದ್ದರು. ಇಬ್ಬರ ಮುಖವನ್ನೂ ನೋಡಿ, ಒಳಗೆ ಹೋಗಿ ಎರಡು ತಂಬಿಗೆ ಬೆಲ್ಲ ನೀರು ತಂದರು. ನಾನು ಕುಡಿದೆ.

ಹಾಡು ಹೊಸ ಸಾಲಿನೊಂದಿಗೆ ನಮ್ಮೂರಿನಲ್ಲಿ ಆದ ದಿನ ನಾನು ಪರದೆಯ ಸಂದಿಯಿಂದ ನೋಡುತ್ತಿದ್ದೆ. ಮುದಿ ನೇಕಾರ ಹಾಡಿದ. ಹೆಂಗಸರ ಸಾಲಿನಲ್ಲಿ ಒಬ್ಬಳು ತನ್ನ ಸೆರಗಿನ ಅಂಚನ್ನು ಬೆರಳಲ್ಲಿ ಹಿಡಿದು ನೋಡಿಕೊಂಡಳು. ಅವಳ ಪಕ್ಕದವಳೂ ನೋಡಿಕೊಂಡಳು. ಆಮೇಲೆ ಆ ಸಾಲಿಗೆ ಸಾಲೇ ತಲೆ ತಗ್ಗಿತು. ಮಾಸ್ತರು ಹೇಳಿದ್ದು ಖರೆ ಆಗಿತ್ತು. ಅದು ಖರೆ ಆದದ್ದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು. ಒಳ್ಳೆಯದಾಯಿತು ಎಂದಮಾತ್ರಕ್ಕೆ ಒತ್ತಾಯ ಒತ್ತಾಯವಲ್ಲದೆ ಹೋಗುತ್ತದೆಯೇ? ಇದನ್ನು ಅವರ ಮುಂದೆಯೂ ಹೇಳಿದೆ. "ಇರಲಿ, ಇರಬೇಕು ಆ ಸಿಟ್ಟು," ಎಂದರು.

ನಲವತ್ತೆಂಟರಲ್ಲಿ ಸಂಸ್ಥಾನಗಳು ಹೋದವು. ಬನಹಟ್ಟಿಗೂ ರಬಕವಿಗೂ ನಡುವಿದ್ದ ಗಡಿ ಒಂದು ದಿನದಲ್ಲಿ ಬರಿಯ ಹೊಲವಾಯಿತು. ಸೋಸುವ ಹುಕುಮೂ ಹೋಯಿತು. ಮಾಸ್ತರು ಆ ಹೊತ್ತಿಗೆ ನೌಕರಿ ಮುಗಿಸಿ ತೇರದಾಳದ ಸ್ವಂತ ಮನೆಗೆ ಬಂದಿದ್ದರು. ನಾನು ಹೋಗಿ ಕೇಳಿದೆ: "ಮಾಸ್ತರ, ಈಗ ಅರಸ ಇಲ್ಲ, ಕಚೇರಿ ಇಲ್ಲ. ಹಾಡಿಗೆ ಮೊದಲಿನ ಸಾಲು ಹಾಕಲೇನ್ರಿ?"

"ನನ್ನ ಯಾಕ ಕೇಳತಿ? ಯಾರನ್ನೂ ಕೇಳಬೇಕಾಗಿಲ್ಲ ಅನ್ನೂದಕ್ಕಲ್ಲೇನು ಇಷ್ಟೆಲ್ಲಾ ಆದದ್ದು!"

ಮನೆಗೆ ಬಂದು ಎರಡೂ ರೀತಿ ಹಾಡಿ ನೋಡಿದೆ. ಬಾಯಿ 'ಊರಿಗೆ' ಎಂದೇ ಅನ್ನುತ್ತಿತ್ತು. ಹಾಗೇ ಬಿಟ್ಟೆ. ಈ ಸಲ ಬಿಟ್ಟವನು ನಾನು.

ಮಾಸ್ತರು ನಮ್ಮ ಒಂದು ನಾಟಕವನ್ನೂ ನೋಡಿರಲಿಲ್ಲ. ಕರೆದಾಗಲೆಲ್ಲ, "ನನಗ ನಾಟಕಾ ಕಾಣೂದಿಲ್ಲಪಾ, ತಗದ ಜಾಗಾ ಅಷ್ಟ ಕಾಣತಾವು," ಎನ್ನುತ್ತಿದ್ದರು. ಆ ವರ್ಷ ನಾನು ಹೊಸ ನಾಟಕ ಬರೆದೆ. ಯಾರ ಪೆನ್ಸಿಲ್ಲೂ ಮುಟ್ಟದ ಮೊದಲ ನಾಟಕ. "ಇದರೊಳಗ ತಗದ ಜಾಗಾನ ಇಲ್ಲರಿ," ಎಂದು ಹಟ ಹಿಡಿದೆ. ಅಮಾವಾಸ್ಯೆ ದಿನ ನಾವು ಮಗ್ಗ ನೇಯುವುದಿಲ್ಲ. ಮಧ್ಯಾಹ್ನದ ತಾಲೀಮಿಗೆ ಅವರನ್ನೂ ಅಕ್ಕಾರನ್ನೂ ಚಕ್ಕಡಿ ಕಟ್ಟಿ ಕರೆತಂದೆ. ಮಗ್ಗದ ಮನೆಯಲ್ಲಿ ಒಂದು ಕಂಬಳಿ ಹಾಸಿ ಕೂರಿಸಿದೆವು. ಅವರನ್ನು ನೋಡಿ ನಮ್ಮ ನಟರು ಒಬ್ಬರ ಹಿಂದೆ ಒಬ್ಬರು ಸರಿದು ನಿಂತರು.

ಎರಡನೆಯ ಅಂಕ. ಮುದುಕನೊಬ್ಬ ಚಿಕ್ಕ ಹುಡುಗಿಯನ್ನು ಮದುವೆಯಾಗಿ ಮನೆಗೆ ತಂದಿದ್ದಾನೆ. ಮೀಸೆಗೆ ಕಪ್ಪು ಬಳಿದುಕೊಂಡು, ಕೆಮ್ಮುತ್ತ, ಹೊಸ ಹೆಂಡತಿಗೆ ಅವಸರ ಮಾಡುತ್ತಾನೆ.

"ಹಾಸಿಗಿ ಹಾಸಿದೇನ?"

"ಎರಡು ಹಾಸೇನ್ರಿ."

"ಎರಡ್ಯಾಕ?"

"ಒಂದು ನಿಮಗ, ಒಂದು ನಿಮ್ಮ ಕೆಮ್ಮಿಗೆ."

"ಮತ್ತ ನೀ ಎಲ್ಲಿ?"

"ನಾ ನಮ್ಮವ್ವನ ಮನ್ಯಾಗ್ರಿ!"

ನಟರು ಮಾತು ಮುಗಿಸಿ ಕಳ್ಳರ ಹಾಗೆ ಮಾಸ್ತರ ಕಡೆ ನೋಡಿದರು. ಮಾಸ್ತರ ಅಂಗೈ ಅಭ್ಯಾಸಬಲದಿಂದ ಮೇಲೆದ್ದಿತ್ತು. ಆದರೆ ಮುಚ್ಚಲು ಕಾಗದವಿರಲಿಲ್ಲ. ಅದು ಅವರ ಬಾಯಿಯ ಮೇಲೆ ಹೋಗಿ ಕೂತಿತು. ಭುಜ ಕುಲುಕತೊಡಗಿತು. ಒಂದು ಸಣ್ಣ ಕೀರಲು ದನಿ ಬೆರಳ ಸಂದಿಯಿಂದ ಹೊರಬಂತು. ಆಮೇಲೆ ಅವರು ಕೈ ಬಿಟ್ಟು, ಟೊಪ್ಪಿಗೆ ವಾರೆಯಾಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಅವರು ನಗುವುದನ್ನು ನೋಡಿ ನಾವೆಲ್ಲ ನಕ್ಕೆವು.

"ಇಂಥಾವನ್ನ ನಾ ಭಾಳ ತಗದೇನೇನೋ?" ಎಂದು ಕಣ್ಣೊರೆಸಿಕೊಳ್ಳುತ್ತ ಕೇಳಿದರು.

"ಭಾಳ ತಗದೀರ್ರಿ ಮಾಸ್ತರ."

"ಛೇ, ಛೇ," ಎಂದರು. "ಅದನ್ನ ಇನ್ನೊಮ್ಮೆ ಅನ್ನಾಕ ಹೇಳಪಾ."

ಇನ್ನೊಮ್ಮೆ ಅಂದರು. ಇನ್ನೊಮ್ಮೆ ನಕ್ಕರು. ಹೊರಗೆ ಬಿಸಿಲು ಕೆಂಪಗಾಗುತ್ತಿತ್ತು. ಹೊತ್ತು ಮುಳುಗಿದ ಮೇಲೆ ಅವರ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ಅದು ಅವರ ಧರ್ಮದ ಕಟ್ಟು. ಅಕ್ಕಾರು ಆಗಲೇ ರೊಟ್ಟಿಯ ಬುತ್ತಿ ಬಿಚ್ಚಿಟ್ಟಿದ್ದರು.

"ಏಳ್ರಿ, ಹೊತ್ತ ಮುಳುಗಾಕತ್ತೈತಿ. ಉಂಡ ಬಂದು ನೋಡೀರಂತ."

ಮಾಸ್ತರು ಬುತ್ತಿಯ ಕಡೆ ನೋಡಿದರು, ಬಾಗಿಲಾಚೆಯ ಬಿಸಿಲಿನ ಕಡೆ ನೋಡಿದರು. ಆಮೇಲೆ ಕಂಬಳಿಯ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂತು, "ಇನ್ನೊಂದು ಅಂಕ ಐತಿ," ಎಂದರು.

ಆ ದಿನ ಅವರು ಉಪವಾಸವೇ ತೇರದಾಳಕ್ಕೆ ಹೋದರು. ಚಕ್ಕಡಿ ಓಣಿಯ ತಿರುವು ದಾಟುವವರೆಗೂ ಅವರು ಮುದುಕನ ಹಾಗೆ ಕೆಮ್ಮಿ ತೋರಿಸುವುದೂ, ಅಕ್ಕಾರು ನಗುವುದೂ ನಮಗೆ ಕೇಳಿಸುತ್ತಿತ್ತು.